‘ರಾಜರ ರಾಜ’ ಎಂದರೆ ಏನು? ಪರ್ಷಿಯಾದ ಅರಸರ ಬಿರುದುಗಳ ಚರಿತ್ರೆ

ಇರಾನಿನ ಪಶ್ಚಿಮ ಭಾಗದಲ್ಲಿ, ಕೆರ್ಮಾನ್‌ಶಾ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಬೇಹಿಸ್ತೂನ್ ಬೆಟ್ಟದ ಕಡಿದಾದ ಮೈಯ ಮೇಲೆ, ನೆಲದಿಂದ ಬಹಳ ಎತ್ತರದಲ್ಲಿ ಒಂದು ಕೆತ್ತನೆಯಿದೆ. ಕೈಯಲ್ಲಿ ಬಿಲ್ಲು ಹಿಡಿದು ನಿಂತ ಅರಸನೊಬ್ಬನು ಅಂಗಾತ ಬಿದ್ದವನೊಬ್ಬನ ಎದೆಯ ಮೇಲೆ ಕಾಲಿಟ್ಟಿದ್ದಾನೆ. ಅವನ ಎದುರಿಗೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು, ಕುತ್ತಿಗೆಗೆ ಹಗ್ಗ ಬಿಗಿಸಿಕೊಂಡು ಒಂಬತ್ತು ಮಂದಿ ಸಾಲಾಗಿ ನಿಂತಿದ್ದಾರೆ. ಅವರ ಪಕ್ಕದಲ್ಲಿರುವ ಚಿಕ್ಕ ಬರಹಗಳನ್ನು ಓದಿದರೆ, ಹೆಚ್ಚುಕಡಿಮೆ ಎಲ್ಲರ ಮೇಲಿನ ಆರೋಪವೂ ಒಂದೇ ಎಂದು ತಿಳಿಯುತ್ತದೆ: ಇವನು ಸುಳ್ಳು ಹೇಳಿದ, ‘ನಾನು ಬಾಬಿಲೋನಿನ ರಾಜ’ ಎಂದ; ಇವನು ಸುಳ್ಳು ಹೇಳಿದ, ‘ನಾನು ಏಲಮ್ ದೇಶದ ರಾಜ’ ಎಂದ. ಕಾಲಿಟ್ಟು ನಿಂತವನು ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಒಂದನೆಯ ದಾರಯವಉಷ್, ಅಂದರೆ ನಮ್ಮ ಪಠ್ಯಪುಸ್ತಕಗಳ ಡೇರಿಯಸ್. ಹಳೆಯ ಪರ್ಷಿಯನ್, ಏಲಮೈಟ್ ಮತ್ತು ಬಾಬಿಲೋನಿಯನ್ ಎಂಬ ಮೂರು ಭಾಷೆಗಳಲ್ಲಿ ಅವನು ತನ್ನ ಪರಿಚಯವನ್ನು ಹೀಗೆ ಬರೆಸಿದ್ದಾನೆ: ‘ನಾನು ದಾರಯವಉಷ್, ಮಹಾರಾಜ, ರಾಜರ ರಾಜ, ಪಾರ್ಸದ ರಾಜ, ದೇಶಗಳ ರಾಜ, ವಿಶ್ತಾಸ್ಪನ ಮಗ, ಅರ್ಶಾಮನ ಮೊಮ್ಮಗ, ಹಖಾಮನಿಷ್ ವಂಶದವನು.’

‘ರಾಜರ ರಾಜ’ ಎಂಬುದನ್ನು ನಾವು ಸಾಮಾನ್ಯವಾಗಿ ಆಸ್ಥಾನಕವಿಯ ಅತಿಶಯೋಕ್ತಿಯಂತೆ ಓದುತ್ತೇವೆ. ಆದರೆ ಬೇಹಿಸ್ತೂನಿನ ಹಗ್ಗವನ್ನು ನೋಡಿದ ಮೇಲೆ ಹಾಗೆ ಓದುವುದು ಕಷ್ಟ. ಆ ಕೆತ್ತನೆಯಲ್ಲಿ ಕಟ್ಟುಬಿದ್ದವರು ಬರಿಯ ದಂಗೆಕೋರರಲ್ಲ. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ರಾಜ’ ಎಂಬ ಹೆಸರನ್ನು ಧರಿಸಿದವರು. ಅದೇ ಶಾಸನದಲ್ಲಿ ದಾರಯವಉಷ್ ತನ್ನ ಅಧೀನದ 23 ದೇಶಗಳನ್ನು ಹೆಸರಿಸುತ್ತಾನೆ, ಹತ್ತೊಂಬತ್ತು ಯುದ್ಧಗಳಲ್ಲಿ ಒಂಬತ್ತು ರಾಜರನ್ನು ಸೆರೆಹಿಡಿದೆನೆಂದು ಲೆಕ್ಕ ಕೊಡುತ್ತಾನೆ. ಹೀಗಾಗಿ ಈ ಬಿರುದು ಒಂದು ಆಡಳಿತ ವ್ಯವಸ್ಥೆಯ ನೇರ ವರ್ಣನೆ: ರಾಜರು ಹಲವರಿರಬಹುದು, ಆದರೆ ಅವರ ಮೇಲೆ ಇರುವವನು ಒಬ್ಬನೇ. ಪರ್ಷಿಯಾದ ಬಿರುದುಗಳ ಎರಡೂವರೆ ಸಾವಿರ ವರ್ಷಗಳ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ನನಗೆ ಅತ್ಯಂತ ಉಪಯುಕ್ತವಾಗಿ ಕಂಡ ಕೀಲಿಕೈ ಇದು: ಈ ಅರಸನು ಯಾರ ಮೇಲೆ ಆಳುತ್ತೇನೆ ಎನ್ನುತ್ತಾನೆ, ಆ ಅಧಿಕಾರ ಯಾರಿಂದ ಬಂದಿತು ಎನ್ನುತ್ತಾನೆ ಎಂದು ಪ್ರತಿ ಬಿರುದನ್ನೂ ಕೇಳುವುದು.

ಮೊದಲು ಪದವನ್ನೇ ನೋಡೋಣ. ಹಳೆಯ ಪರ್ಷಿಯನ್ನಿನಲ್ಲಿ ರಾಜನಿಗೆ ‘ಖ್ಷಾಯಥಿಯ’ ಎಂದು ಹೆಸರು. ಇದು ಆಳುವುದು, ಒಡೆತನ ಹೊಂದುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ಗಳು ಇದೇ ಮನೆತನದ ಪದಗಳು. ‘ಖ್ಷಾಯಥಿಯ ಖ್ಷಾಯಥಿಯಾನಾಮ್’ ಎಂದರೆ ‘ರಾಜ, ರಾಜರ’. ಕೊನೆಯ ‘ಆನಾಮ್’ ಎಂಬ ಷಷ್ಠೀ ಬಹುವಚನದ ಪ್ರತ್ಯಯವು ಸಂಸ್ಕೃತದ ‘ದೇವಾನಾಮ್’ ಎಂಬಲ್ಲಿರುವುದೇ ಆಗಿದೆ. ಶತಮಾನಗಳು ಕಳೆದಂತೆ ‘ಖ್ಷಾಯಥಿಯ’ ಎಂಬ ಉದ್ದನೆಯ ಪದವು ಸವೆದು ‘ಶಾಹ್’ ಆಯಿತು, ‘ಆನಾಮ್’ ಸವೆದು ‘ಆನ್’ ಆಯಿತು, ಪದಗಳ ಕ್ರಮವು ತಿರುಗಿ ‘ಶಾಹಾನ್ ಶಾಹ್’ ಆಯಿತು. ಇಂದು ನಾವು ‘ಶಹನ್‌ಶಾ’ ಎನ್ನುವಾಗ, ಆ ಪದದ ನಡುವಿನ ಅನುನಾಸಿಕದಲ್ಲಿ ಬೇಹಿಸ್ತೂನಿನ ವಿಭಕ್ತಿ ಪ್ರತ್ಯಯವು ಇನ್ನೂ ಉಸಿರಾಡುತ್ತಿದೆ ಎಂಬುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುವ ಸಂಗತಿ.

‘ರಾಜರ ರಾಜ’ ಎಂಬ ಕಲ್ಪನೆಯನ್ನು ಪರ್ಷಿಯನ್ನರೇ ಹುಟ್ಟುಹಾಕಿದರೆನ್ನಲು ಬರುವುದಿಲ್ಲ. ಅಸ್ಸೀರಿಯದಲ್ಲೂ ಉರಾರ್ಟುವಿನಲ್ಲೂ ಅದು ಮೊದಲೇ ಬಳಕೆಯಲ್ಲಿತ್ತು. ಸಾಮ್ರಾಜ್ಯದ ಸ್ಥಾಪಕನಾದ ಕುರುಷ್, ಅಂದರೆ ಸೈರಸ್, ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದಾಗ ಅಲ್ಲಿಯ ಮಣ್ಣಿನ ಉರುಳೆಯ ಮೇಲೆ ಬರೆಸಿದ್ದು ಬಾಬಿಲೋನಿನ ಸಂಪ್ರದಾಯದ ಬಿರುದುಗಳನ್ನೇ: ಜಗತ್ತಿನ ರಾಜ, ಮಹಾರಾಜ, ಬಲಶಾಲಿ ರಾಜ, ಬಾಬಿಲೋನಿನ ರಾಜ, ಸುಮೇರ್ ಮತ್ತು ಅಕ್ಕಾಡಿನ ರಾಜ, ನಾಲ್ಕು ದಿಕ್ಕುಗಳ ರಾಜ. ಗೆದ್ದವನು ಗೆದ್ದ ನಾಡಿನ ಮಾತಿನಲ್ಲೇ ತನ್ನನ್ನು ಪರಿಚಯಿಸಿಕೊಳ್ಳುವ ಈ ಜಾಣತನವನ್ನು ಮುಂದೆಯೂ ಕಾಣುತ್ತೇವೆ. ದಾರಯವಉಷ್ ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸಿದ. ನಕ್ಷ್-ಎ-ರುಸ್ತಮ್‌ನ ತನ್ನ ಸಮಾಧಿಯ ಶಾಸನದಲ್ಲಿ ಅವನು ಎಲ್ಲ ಬಗೆಯ ಜನರಿರುವ ದೇಶಗಳ ರಾಜ ಎಂದೂ, ಪಾರ್ಸ, ಪಾರ್ಸನ ಮಗ, ಆರ್ಯ, ಆರ್ಯ ಮೂಲದವನು ಎಂದೂ ಹೇಳಿಕೊಳ್ಳುತ್ತಾನೆ. ಆಳ್ವಿಕೆ ಎಲ್ಲ ಬಗೆಯ ಜನರ ಮೇಲೆ, ಹುಟ್ಟು ಮಾತ್ರ ಒಂದೇ ಜನದಲ್ಲಿ. ಗ್ರೀಕರಿಗಾದರೋ ಇಷ್ಟೆಲ್ಲ ವಿವರ ಬೇಕಿರಲಿಲ್ಲ. ಅವರ ಬರಹಗಳಲ್ಲಿ ಯಾವ ವಿಶೇಷಣವೂ ಇಲ್ಲದೆ ‘ರಾಜ’ ಎಂದಷ್ಟೇ ಬಂದರೆ ಅದು ಪರ್ಷಿಯಾದ ದೊರೆಯೆಂದೇ ಅರ್ಥ.

ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಬಿರುದುಗಳ ಭಾಷೆ ಗ್ರೀಕ್ ಆಯಿತು. ಅನಂತರ ಬಂದ ಪಾರ್ಥಿಯನ್ ಅರಸರೂ ನಾಣ್ಯಗಳ ಮೇಲೆ ಗ್ರೀಕನ್ನೇ ಉಳಿಸಿಕೊಂಡರು. ಅವರಲ್ಲಿ ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಆಳುತ್ತಿದ್ದ ಎರಡನೆಯ ಮಿಥ್ರದಾತನು ‘ರಾಜರ ರಾಜ’ ಎಂಬ ಹಳೆಯ ಬಿರುದನ್ನು ಗ್ರೀಕ್ ಅಕ್ಷರಗಳಲ್ಲಿ ಮತ್ತೆ ಎತ್ತಿಹಿಡಿದ.

ಈ ಬಿರುದು ತನ್ನ ಪೂರ್ಣ ಅರ್ಥವನ್ನು ಪಡೆದದ್ದು ಸಾಸಾನಿಯರ ಕಾಲದಲ್ಲಿ. ಕ್ರಿ.ಶ. 224ರಲ್ಲಿ ಕೊನೆಯ ಪಾರ್ಥಿಯನ್ ಚಕ್ರವರ್ತಿಯನ್ನು ಸೋಲಿಸಿದ ಅರ್ದಶೀರನ ನಾಣ್ಯದ ಮೇಲೆ ಒಂದು ದೀರ್ಘ ಬರಹವಿದೆ: ‘ಮಜ್ದಾನ ಆರಾಧಕ, ಪ್ರಭು ಅರ್ದಶೀರ, ಇರಾನಿನ ರಾಜರ ರಾಜ, ದೇವತೆಗಳ ಬೀಜದಿಂದ ಬಂದವನು.’ ಇಲ್ಲಿ ‘ಪ್ರಭು’ ಎಂಬುದಕ್ಕಿರುವ ‘ಬಯ್’ ಎಂಬ ಪದವು ನಮ್ಮ ‘ಭಗ’, ‘ಭಗವಂತ’ರ ಬಳಗದ್ದು. ದೇವತೆಗಳು ಎಂಬುದಕ್ಕಿರುವ ‘ಯಜ್ದಾನ್’ ಎಂಬುದು ಪೂಜೆಗೆ ಅರ್ಹರಾದವರು ಎಂಬರ್ಥದ ‘ಯಜತ’ದಿಂದ ಬಂದದ್ದು. ಬಿರುದಿನ ಬರವಣಿಗೆಯ ರೀತಿಯಂತೂ ಇನ್ನೂ ಸ್ವಾರಸ್ಯಕರ. ನಾಣ್ಯದ ಮೇಲಿರುವ ಅಕ್ಷರಗಳನ್ನು ಹಾಗೆಯೇ ಓದಿದರೆ ‘ಮಲ್ಕಾನ್ ಮಲ್ಕಾ’ ಎಂದಾಗುತ್ತದೆ. ‘ಮಲ್ಕಾ’ ಎಂಬುದು ರಾಜ ಎಂಬರ್ಥದ ಅರಮಾಯಿಕ್ ಪದ. ಆದರೆ ಅದನ್ನು ಯಾರೂ ಹಾಗೆ ಉಚ್ಚರಿಸುತ್ತಿರಲಿಲ್ಲ. ‘5’ ಎಂಬ ಒಂದೇ ಚಿಹ್ನೆಯನ್ನು ಕಂಡು ಕನ್ನಡಿಗರು ‘ಐದು’ ಎಂದೂ ಮರಾಠಿಗರು ‘ಪಾಚ್’ ಎಂದೂ ಓದುವಂತೆ, ಪರ್ಷಿಯಾದ ಲಿಪಿಕಾರನು ‘ಮಲ್ಕಾನ್ ಮಲ್ಕಾ’ ಎಂದು ಬರೆದದ್ದನ್ನು ‘ಶಾಹಾನ್ ಶಾಹ್’ ಎಂದೇ ಓದುತ್ತಿದ್ದ. ಹಖಾಮನಿಷ್ ಅರಸರ ಕಚೇರಿಗಳಲ್ಲಿ ಅರಮಾಯಿಕ್ ಭಾಷೆಯಲ್ಲಿ ನಡೆಯುತ್ತಿದ್ದ ಪತ್ರವ್ಯವಹಾರದ ನೆನಪು ಈ ಕಾಗುಣಿತದಲ್ಲಿ ಉಳಿದುಕೊಂಡಿತು.

ಅರ್ದಶೀರನ ಮಗ ಒಂದನೆಯ ಶಾಪೂರನು ರೋಮನ್ನರ ಮೇಲೆ ಗೆಲುವು ಸಾಧಿಸಿದ ನಂತರ ಬಿರುದಿಗೆ ಒಂದು ಪದವನ್ನು ಸೇರಿಸಿದ: ಇರಾನಿನ ಮತ್ತು ‘ಅನೇರಾನ್’ನ, ಅಂದರೆ ಇರಾನ್ ಅಲ್ಲದುದರ, ರಾಜರ ರಾಜ. ನಕಾರವನ್ನು ಸೂಚಿಸುವ ಈ ‘ಅನ್’ ನಮ್ಮ ‘ಅನಾರ್ಯ’ದಲ್ಲಿರುವ ‘ಅನ್’ ಎಂಬುದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಕ್ಷ್-ಎ-ರುಸ್ತಮ್‌ನ ಚೌಕಾಕಾರದ ಕಲ್ಲಿನ ಗೋಪುರದ ಮೇಲೆ ಅವನು ಮೂರು ಭಾಷೆಗಳಲ್ಲಿ ಬರೆಸಿದ ಶಾಸನವನ್ನು ಓದಿದರೆ, ಬಿರುದುಗಳು ಎಷ್ಟು ಅಳೆದು ತೂಗಿ ಕೊಟ್ಟವು ಎಂಬುದು ಗೊತ್ತಾಗುತ್ತದೆ. ಅಲ್ಲಿ ಮೂಲಪುರುಷ ಸಾಸಾನನು ಬರಿಯ ‘ಒಡೆಯ’. ಅಜ್ಜ ಪಾಪಕನು ‘ರಾಜ’. ತಂದೆ ಅರ್ದಶೀರನು ‘ಇರಾನಿನ ರಾಜರ ರಾಜ’. ತಾನು ಮಾತ್ರ ‘ಇರಾನ್ ಮತ್ತು ಅನೇರಾನ್‌ಗಳ ರಾಜರ ರಾಜ’. ಒಂದು ಕುಟುಂಬವು ಹಂತಹಂತವಾಗಿ ಮೇಲೇರಿದ ಬಗೆಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ರಾಜಶಾಸನಗಳಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ. ಅದೇ ಶಾಸನದಲ್ಲಿ ಅವನ ಮಕ್ಕಳು ‘ರಾಜರ ರಾಜ’ನ ಕೆಳಗಿನ ‘ರಾಜರು’: ಒಬ್ಬನು ಅರ್ಮೇನಿಯದ ಮಹಾರಾಜ, ಇನ್ನೊಬ್ಬನಾದ ನರ್ಸೆ ಹಿಂದ್, ಶಕಸ್ತಾನ್ ಮತ್ತು ತೂರಾನ್‌ಗಳ ರಾಜ. ಮಗಳು ಆದುರ್-ಅನಾಹಿದಳ ಬಿರುದು ‘ರಾಣಿಯರ ರಾಣಿ’. ಸಾಸಾನನಿಗೆ ಇಲ್ಲಿ ಬಳಸಿದ ‘ಒಡೆಯ’ ಎಂಬರ್ಥದ ‘ಖ್ವದಾಯ್’ ಎಂಬ ಪದವೇ ಮುಂದೆ ಹೊಸ ಪರ್ಷಿಯನ್ನಿನಲ್ಲಿ ‘ಖುದಾ’ ಆಗಿ ದೇವರಿಗೆ ಮೀಸಲಾಯಿತು. ನಮ್ಮಲ್ಲೂ ‘ಒಡೆಯ’ ಎಂಬ ಮಾತು ಮೈಸೂರಿನ ಅರಸನಿಗೂ ಕೂಡಲಸಂಗಮನಿಗೂ ಸಲ್ಲುತ್ತದೆ.

ಬಿರುದು ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದಕ್ಕೆ ಎರಡನೆಯ ಶಾಪೂರನು ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟಿಯಸನಿಗೆ ಕ್ರಿ.ಶ. 358ರಲ್ಲಿ ಕಳಿಸಿದ ಪತ್ರ ಸಾಕ್ಷಿ. ರೋಮನ್ ಇತಿಹಾಸಕಾರ ಅಮ್ಮಿಯಾನಸ್ ದಾಖಲಿಸಿರುವಂತೆ, ಅದರಲ್ಲಿ ಶಾಪೂರನು ತನ್ನನ್ನು ರಾಜರ ರಾಜ, ನಕ್ಷತ್ರಗಳ ಸಹಭಾಗಿ, ಸೂರ್ಯಚಂದ್ರರ ಸೋದರ ಎಂದು ಕರೆದುಕೊಳ್ಳುತ್ತಾನೆ. ಆದರೆ ಆ ಮಾತಿನ ಬೆನ್ನಿಗೇ ಕಾನ್‌ಸ್ಟಾಂಟಿಯಸನನ್ನು ‘ನನ್ನ ಸೋದರ’ ಎಂದು ಸಂಬೋಧಿಸುತ್ತಾನೆ. ಈ ಸೂರ್ಯಚಂದ್ರರ ಮಾತನ್ನು ಎತ್ತಿ ಆಡುವವರು ಬಹಳ. ನನಗೆ ಮುಖ್ಯವಾಗಿ ಕಾಣುವುದು ಆ ‘ಸೋದರ’ ಎಂಬ ಪದ. ಜಗತ್ತಿನಲ್ಲಿ ತನಗೆ ಸಮಾನನಾದ ಇನ್ನೊಬ್ಬನಿದ್ದಾನೆಂದು ರಾಜರ ರಾಜನು ಆ ಒಂದು ಪದದಲ್ಲಿ ಒಪ್ಪಿಕೊಂಡಿದ್ದಾನೆ.

ಇದೇ ಬಿರುದು ಪೂರ್ವದಿಕ್ಕಿಗೂ ಪಯಣ ಬೆಳೆಸಿತ್ತು. ಶಕ ದೊರೆಗಳ ನಾಣ್ಯಗಳಲ್ಲಿ ಒಂದು ಬದಿಗೆ ಗ್ರೀಕಿನ ‘ರಾಜರ ರಾಜ’, ಇನ್ನೊಂದು ಬದಿಗೆ ಪ್ರಾಕೃತದ ‘ರಾಜತಿರಾಜ’ ಕಾಣುತ್ತದೆ. ಕುಶಾಣ ಕನಿಷ್ಕನು ನಾಣ್ಯಗಳ ಮೇಲೆ ಬಾಕ್ಟ್ರಿಯನ್ ಭಾಷೆಯಲ್ಲಿ ‘ಶಾವನಾನೊ ಶಾವೊ’ ಎಂದು ಬರೆಸಿದ. ಅದು ಶಹನ್‌ಶಾದ ಇನ್ನೊಂದು ರೂಪ. ಸಮುದ್ರಗುಪ್ತನ ಪ್ರಯಾಗ ಪ್ರಶಸ್ತಿಯಲ್ಲಿ, ಶುದ್ಧ ಸಂಸ್ಕೃತದ ನಡುವೆ, ‘ದೈವಪುತ್ರ-ಷಾಹಿ-ಷಾಹಾನುಷಾಹಿ’ ಎಂಬ ಸಮಾಸ ಬರುತ್ತದೆ. ಪ್ರಾಂತದ ರಕ್ಷಕನೆಂಬ ಅರ್ಥದ ಹಳೆಯ ಪರ್ಷಿಯನ್ ಅಧಿಕಾರಪದವು ‘ಕ್ಷತ್ರಪ’ವಾಗಿ ಪಶ್ಚಿಮ ಭಾರತದಲ್ಲಿ ಬೇರೂರಿತು, ದಕ್ಷಿಣಾಪಥಪತಿ ಸಾತಕರ್ಣಿಯನ್ನು ಎರಡು ಸಲ ಸೋಲಿಸಿದೆನೆಂದು ಜುನಾಗಢದ ಬಂಡೆಯ ಮೇಲೆ ಬರೆಸಿದ ರುದ್ರದಾಮನ ಬಿರುದು ‘ಮಹಾಕ್ಷತ್ರಪ’. ‘ರಾಜಾಧಿರಾಜ’ ಎಂಬ ಪದವು ಪೂರ್ತಿಯಾಗಿ ಹೊರಗಿನಿಂದ ಬಂದದ್ದೆಂದು ನಾನು ಹೇಳುತ್ತಿಲ್ಲ. ‘ರಾಜಾಧಿರಾಜಾಯ ಪ್ರಸಹ್ಯ ಸಾಹಿನೇ’ ಎಂಬ ವೈದಿಕ ಮಂತ್ರವನ್ನು ಪೂಜೆಯ ಕೊನೆಯಲ್ಲಿ ನಾವೇ ಕೇಳುತ್ತೇವೆ. ಆದರೆ ಅದು ನಾಣ್ಯ ಮತ್ತು ಶಾಸನಗಳಲ್ಲಿ ಅರಸರ ಪದ್ಧತಿಬದ್ಧ ಬಿರುದಾಗಿ ನೆಲೆಗೊಂಡದ್ದು ಶಕ-ಕುಶಾಣರ ಕಾಲದಿಂದ ಈಚೆಗೆ. ಆ ಸರಣಿಯ ದೂರದ ಕೊಂಡಿಯಾಗಿ, ಕಲ್ಯಾಣ ಚಾಲುಕ್ಯರ ಕನ್ನಡ ಶಾಸನಗಳ ‘ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ ಎಂಬ ಸಾಲನ್ನು ನೋಡಬಹುದು.

ಕ್ರಿ.ಶ. 651ರಲ್ಲಿ ಮರ್ವ್ ನಗರದ ಬಳಿ ಕೊನೆಯ ಸಾಸಾನಿ ಅರಸನಾದ ಮೂರನೆಯ ಯಜ್ದಗಿರ್ದನ ಕೊಲೆಯೊಂದಿಗೆ ಆ ಸಾಮ್ರಾಜ್ಯ ಮುಗಿಯಿತು. ಇಸ್ಲಾಮಿನ ದೃಷ್ಟಿಯಲ್ಲಿ ರಾಜರ ರಾಜನು ಅಲ್ಲಾಹನೊಬ್ಬನೇ. ಮನುಷ್ಯನೊಬ್ಬನು ಆ ಹೆಸರನ್ನು ಧರಿಸುವುದನ್ನು ಪ್ರವಾದಿಯವರ ವಚನವೊಂದು ಕಟುವಾಗಿ ಖಂಡಿಸುತ್ತದೆ. ಆದರೂ ಹತ್ತನೆಯ ಶತಮಾನದಲ್ಲಿ ಬಾಗ್ದಾದಿನ ಖಲೀಫರನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡಿದ್ದ ಇರಾನಿ ಮೂಲದ ಬುಯಿದ್ ದೊರೆಗಳು ‘ಶಹನ್‌ಶಾ’ವನ್ನು ಮತ್ತೆ ಹೊರತೆಗೆದರು. 1030ರ ದಶಕದ ಕೊನೆಯಲ್ಲಿ ಜಲಾಲುದ್ದೌಲನೆಂಬ ಬುಯಿದ್ ದೊರೆಯು ಶುಕ್ರವಾರದ ಪ್ರವಚನದಲ್ಲಿ ತನ್ನನ್ನು ‘ರಾಜರ ರಾಜ’ ಎಂದು ಹೆಸರಿಸಬೇಕೆಂದು ಬಯಸಿದಾಗ ಬಾಗ್ದಾದಿನಲ್ಲಿ ಗದ್ದಲವೆದ್ದಿತು. ಧರ್ಮಶಾಸ್ತ್ರಜ್ಞರ ಅಭಿಪ್ರಾಯ ಕೇಳಲಾಯಿತು. ಹಲವರು ಭೂಮಿಯ ಮೇಲಿನ ರಾಜರಿಗೆ ಮಾತ್ರ ಸೀಮಿತವಾದ ಅರ್ಥದಲ್ಲಿ ತೊಂದರೆಯಿಲ್ಲವೆಂದರೆ, ಆ ದೊರೆಗೆ ಆಪ್ತನೇ ಆಗಿದ್ದ ಅಲ್-ಮಾವರ್ದಿ ಎಂಬ ನ್ಯಾಯಶಾಸ್ತ್ರಜ್ಞನು ಒಪ್ಪಲಿಲ್ಲ. ಇದೇ ಯುಗದಲ್ಲಿ ಅಧಿಕಾರ ಎಂಬರ್ಥದ ‘ಸುಲ್ತಾನ್’ ಎಂಬ ಅರಬ್ಬಿ ಪದವು ವ್ಯಕ್ತಿಯ ಬಿರುದಾಗಿ ಮಾರ್ಪಟ್ಟಿತು. ಅದು ವಿಜಯನಗರದ ಅರಸರ ‘ಹಿಂದುರಾಯ ಸುರತ್ರಾಣ’ ಎಂಬ ಬಿರುದಿನೊಳಗೆ ಸಂಸ್ಕೃತದ ಉಡುಗೆ ತೊಟ್ಟು ಕುಳಿತಿದೆ.

‘ಪಾದಶಾಹ್’, ನಮ್ಮ ಬಾಯಲ್ಲಿ ‘ಬಾದಶಹ’, ಎಂಬ ಪದದ ಮೊದಲ ಭಾಗವನ್ನು ಸಂಸ್ಕೃತದ ‘ಪತಿ’ಯೊಂದಿಗೆ ಸಮೀಕರಿಸಿ ‘ಒಡೆಯನಾದ ರಾಜ’ ಎಂದು ವಿವರಿಸುವುದುಂಟು. ದಾರಯವಉಷನ ಸಮಾಧಿ ಶಾಸನದಲ್ಲಿ ‘ನಾನು ಅವರ ಮೇಲೆ ಆಳಿದೆ’ ಎನ್ನುವಲ್ಲಿ ‘ಪತಿ’ ಎಂಬುದು ಕ್ರಿಯಾಪದಕ್ಕೆ ಹತ್ತಿದ ಉಪಸರ್ಗವಾಗಿ ಬರುತ್ತದೆ. ಮಧ್ಯ ಪರ್ಷಿಯನ್ನಿನ ‘ಪಾದಿಖ್ಷಾಯ್’ ಎಂದರೆ ಅಧಿಕಾರವುಳ್ಳವನು. ಆದ್ದರಿಂದ ಉಪಸರ್ಗದ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ. ತೈಮೂರನ ವಂಶದವರು ಆಳುತ್ತಿದ್ದಾಗಲೂ ‘ಮಿರ್ಜಾ’ ಎಂದೇ ಕರೆಸಿಕೊಳ್ಳುತ್ತಿದ್ದರು, ನನ್ನನ್ನು ಇನ್ನು ‘ಪಾದಶಾಹ್’ ಎನ್ನಬೇಕೆಂದು ಆಜ್ಞೆ ಮಾಡಿದೆ ಎಂದು ಬಾಬರನು ಕಾಬೂಲಿನ 1507ರ ದಿನಗಳ ಕುರಿತು ಬರೆದಿಟ್ಟಿದ್ದಾನೆ.

‘ಮಿರ್ಜಾ’ ಎಂಬುದು ‘ಅಮೀರ್‌ಜಾದಾ’, ಅಂದರೆ ಅಮೀರನ ಮಗ, ಎಂಬುದರ ಸಂಕ್ಷೇಪ. ಇರಾನಿನಲ್ಲಿ ಇದಕ್ಕೆ ಒಂದು ಸೂಕ್ಷ್ಮ ನಿಯಮ ಬೆಳೆಯಿತು: ಹೆಸರಿನ ನಂತರ ಬಂದರೆ ರಾಜಕುಮಾರ, ಮೊದಲು ಬಂದರೆ ಓದುಬರಹ ಬಲ್ಲ ಗೌರವಸ್ಥ ಅಥವಾ ಕಚೇರಿಯ ಅಧಿಕಾರಿ. ಅಬ್ಬಾಸ್ ಮಿರ್ಜಾ ಎಂದರೆ ಇರಾನನ್ನಾಳಿದ ಕಾಜಾರ್ ವಂಶದ ಯುವರಾಜ. ಮಿರ್ಜಾ ತಕಿ ಖಾನ್ ಎಂದರೆ ಅಡುಗೆಯವನ ಮಗನಾಗಿ ಹುಟ್ಟಿ ಪ್ರಧಾನಮಂತ್ರಿಯಾದವನು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ ಅಲಿ ಅಸ್ಕರ್ ಶೀರಾಜಿನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ಅವರ ಹೆಸರಿನಲ್ಲಿ ‘ಮಿರ್ಜಾ’ ಮೊದಲು ಬಂದಿರುವುದು ಆ ಇರಾನಿ ನಿಯಮಕ್ಕೆ ಸರಿಯಾಗಿ ಹೊಂದುತ್ತದೆ. ‘ಶಾ’ ಪದಕ್ಕೂ ಇಂಥದೇ ಸ್ಥಾನಭೇದವಿದೆ. ಕೆರ್ಮಾನಿನ ಸೂಫಿ ಸಂತ ಶಾ ನಿಯಾಮತುಲ್ಲಾ ವಲಿಯ ಹೆಸರಿನಲ್ಲಿ ಮೊದಲು ಬಂದ ‘ಶಾ’ ಆಧ್ಯಾತ್ಮಿಕ ದೊರೆತನವನ್ನು ಸೂಚಿಸುತ್ತದೆ. ಆ ಸಂತನ ಮಗ ಖಲೀಲುಲ್ಲಾನ ಸಮಾಧಿಯಾದ ಚೌಖಂಡಿಯು ಬೀದರಿನ ಅಷ್ಟೂರಿನ ದಾರಿಯಲ್ಲಿದೆ.

1501ರಲ್ಲಿ ತಬ್ರೀಜಿನಲ್ಲಿ ಪಟ್ಟವೇರಿದ ಸಫಾವಿ ಇಸ್ಮಾಯಿಲನಲ್ಲಿ ಈ ಎರಡು ದೊರೆತನಗಳು ಒಂದಾದವು: ಅವನು ಸೂಫಿ ಪಂಥದ ಗುರುವೂ ಹೌದು, ಇರಾನಿನ ಶಾ ಸಹ ಹೌದು. ಅವನ ವಂಶದ ಅತ್ಯಂತ ಪ್ರತಾಪಶಾಲಿಯಾದ ಒಂದನೆಯ ಅಬ್ಬಾಸನು ತನ್ನನ್ನು ‘ಅಲಿಯ ಹೊಸ್ತಿಲ ನಾಯಿ’ ಎಂದು ಕರೆದುಕೊಂಡ. ಭಕ್ತಿಸಾಹಿತ್ಯವನ್ನು ಓದಿ ಬೆಳೆದ ನಮಗೆ ಈ ದೈನ್ಯ ಅಪರಿಚಿತವಲ್ಲ. ಆದರೆ ಇಲ್ಲಿ ಅದಕ್ಕೆ ರಾಜಕೀಯ ಅರ್ಥವೂ ಇತ್ತು. ಅಲಿಯ ಹೊಸ್ತಿಲಿಗೆ ಅಷ್ಟು ಹತ್ತಿರ ಇರುವವನ ಆಜ್ಞೆಯನ್ನು ಮೀರುವವರು ಯಾರು? ಅದೇ ಕಾಲದ ದಖ್ಖನಿನಲ್ಲಿ ‘ಶಾ’ ಎಂಬ ಒಂದಕ್ಷರದ ಸುತ್ತ ಸೆಣಸಾಟ ನಡೆದಿತ್ತು. ವಿಜಯಪುರದ ದೊರೆಗಳು ತಮ್ಮನ್ನು ‘ಆದಿಲ್ ಶಾ’ ಎಂದುಕೊಂಡರೂ ಜಹಾಂಗೀರನು ತನ್ನ ದಿನಚರಿಯಲ್ಲಿ ಅವರನ್ನು ‘ಆದಿಲ್ ಖಾನ್’ ಎಂದೇ ಬರೆಯುತ್ತಾನೆ. ‘ಶಾ’ ಎಂದರೆ ಸ್ವತಂತ್ರನೆಂದು ಒಪ್ಪಿದಂತೆ, ‘ಖಾನ್’ ಎಂದರೆ ಅಧೀನ ಸರದಾರನೆಂದು ಸಾರಿದಂತೆ.

ನಾದಿರನ ಬಾಳು ಬಿರುದುಗಳ ಈ ಮೆಟ್ಟಿಲನ್ನು ಒಂದೇ ಜೀವಿತದಲ್ಲಿ ಹತ್ತಿತು. ಮೊದಲು ಅವನು ‘ತಹ್ಮಾಸ್ಪನ ಗುಲಾಮ’ ಎಂಬರ್ಥದ ತಹ್ಮಾಸ್ಪ್-ಕುಲಿ ಖಾನ್; 1736ರಲ್ಲಿ ನಾದಿರ್ ಶಾ; ದೆಹಲಿಯನ್ನು ಸೂರೆಗೈದದ್ದು 1739ರಲ್ಲಿ; ಅವನ ನಾಣ್ಯದ ಪದ್ಯವು ಅವನನ್ನು ಲೋಕದ ಸುಲ್ತಾನರ ಮೇಲಿನ ಸುಲ್ತಾನ, ರಾಜರ ರಾಜ, ‘ಸಾಹಿಬ್‌ಕಿರಾನ್’ ಎನ್ನುತ್ತದೆ. ಶುಭಗ್ರಹಗಳ ಯುತಿಯಲ್ಲಿ ಹುಟ್ಟಿದವನೆಂಬ ಅರ್ಥದ ಈ ಕೊನೆಯ ಬಿರುದು ತೈಮೂರನಿಂದ ಬಂದದ್ದು. ಶಹಜಹಾನನೂ ತಾನು ‘ಎರಡನೆಯ ಸಾಹಿಬ್‌ಕಿರಾನ್’ ಎಂದಿದ್ದ.

ಆದರೆ ಪರ್ಷಿಯಾದ ಎಲ್ಲ ಬಿರುದುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ನಾದಿರನ ನಂತರ ಬಂದ ಕರೀಮ್ ಖಾನ್ ಜಂದನದು. 1779ರಲ್ಲಿ ಸಾಯುವವರೆಗೆ ಶೀರಾಜಿನಿಂದ ಆಳಿದ ಅವನು ಕೊನೆಯವರೆಗೂ ‘ಶಾ’ ಎನಿಸಿಕೊಳ್ಳಲಿಲ್ಲ. ಮೊದಲು ಸಫಾವಿ ವಂಶದ ಹುಡುಗನೊಬ್ಬನನ್ನು ಹೆಸರಿಗೆ ರಾಜನನ್ನಾಗಿಟ್ಟು ತಾನು ರಾಜ್ಯದ ‘ವಕೀಲ’ ಎಂದ. ಅನಂತರ ‘ವಕೀಲುರ್ರಆಯಾ’ ಎಂಬ ಹೆಸರನ್ನು ಹಿಡಿದ. ‘ವಕೀಲ’ ಎಂದರೆ ಪ್ರತಿನಿಧಿ. ‘ರಆಯಾ’ ಎಂದರೆ ಪ್ರಜೆಗಳು, ‘ರಯ್ಯತ್’ ಎಂಬುದರ ಬಹುವಚನ. ಆ ‘ರಯ್ಯತ್’ ಎಂಬುದೇ ಕನ್ನಡದಲ್ಲಿ ‘ರೈತ’ ಆಗಿದೆ. ಹಾಗಾಗಿ ಆ ಬಿರುದನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ರೈತರ ವಕೀಲ’ ಎಂದಾಗುತ್ತದೆ. ಅಧಿಕಾರವು ದೇವತೆಗಳ ಬೀಜದಿಂದಲೋ ಗ್ರಹಗಳ ಯುತಿಯಿಂದಲೋ ಬಂದಿತೆನ್ನುವ ಸಾಲಿನಲ್ಲಿ, ಪ್ರಜೆಗಳ ಪರವಾಗಿ ನಿಂತಿದ್ದೇನೆಂದು ಹೇಳಿದವನು ಇವನೊಬ್ಬನೇ. ಶೀರಾಜಿನ ವಕೀಲ್ ಬಜಾರು ಮತ್ತು ವಕೀಲ್ ಮಸೀದಿ ಇಂದಿಗೂ ಆ ಹೆಸರಿನಲ್ಲೇ ಇವೆ.

ಕಾಜಾರರ ಕಾಲದಲ್ಲಿ ಶಹನ್‌ಶಾ ಮರಳಿತು. ಅದರ ಜತೆಗೆ ‘ದೇವರ ನೆರಳು’, ‘ಜಗತ್ತಿನ ಕಿಬ್ಲಾ’ (ಕಿಬ್ಲಾ ಎಂದರೆ ಪ್ರಾರ್ಥನೆಯಲ್ಲಿ ಮುಖ ಮಾಡುವ ದಿಕ್ಕು) ಎಂಬ ಸಂಬೋಧನೆಗಳೂ ಬಂದವು. ಆಸ್ಥಾನದವರಿಗೆ ಕೊಡುತ್ತಿದ್ದ ‘-ಮುಲ್ಕ್’, ‘-ದೌಲಾ’, ‘-ಸಲ್ತನೆ’ ಎಂದು ಕೊನೆಗೊಳ್ಳುವ ಬಿರುದುಗಳು, ಕಾಣಿಕೆ ಕೊಟ್ಟವರಿಗೆಲ್ಲ ಸಿಗುವಷ್ಟು ಅಗ್ಗವಾದವು. 1907ರ ಸಂವಿಧಾನದ ಪೂರಕ ವಿಧಿಯು ದೊರೆತನದ ಅರ್ಥವನ್ನೇ ಬದಲಿಸಿತು: ಅದು ದೈವಕೃಪೆಯಿಂದ ಜನರು ರಾಜನಿಗೆ ಒಪ್ಪಿಸಿದ ಒತ್ತೆ ಎಂದು 35ನೆಯ ವಿಧಿ ಹೇಳಿತು. 1925ರಲ್ಲಿ ಆಸ್ಥಾನದ ಬಿರುದುಗಳನ್ನು ಕಾನೂನಿನ ಮೂಲಕ ರದ್ದುಮಾಡಿ, ಎಲ್ಲರೂ ಕುಲನಾಮ ಇಟ್ಟುಕೊಳ್ಳುವ ಪದ್ಧತಿ ಬಂದಾಗ ಹಲವರು ತಮ್ಮ ಬಿರುದಿನ ತುಣುಕನ್ನೇ ಕುಲನಾಮ ಮಾಡಿಕೊಂಡರು. ತೈಲೋದ್ಯಮವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಹಮ್ಮದ್ ಮೊಸದ್ದೆಗ್ ಅವರ ಕುಲನಾಮವು ಅವರ ‘ಮೊಸದ್ದೆಗುಸ್ಸಲ್ತನೆ’ ಎಂಬ ಹಳೆಯ ಬಿರುದಿನ ಮೊದಲರ್ಧ. ಆ ಬಿರುದುಗಳನ್ನು ತೆಗೆದುಹಾಕಿಸಿದ ರೆಜಾ ಖಾನನು ಹಿಂದಿನ ವರ್ಷ ಗಣರಾಜ್ಯದ ಪ್ರಯತ್ನ ನಡೆಸಿ, ಧರ್ಮಗುರುಗಳ ವಿರೋಧದಿಂದ ಹಿಂದೆಗೆದಿದ್ದ. 1925ರ ಡಿಸೆಂಬರಿನಲ್ಲಿ ತಾನೇ ಶಾ ಆದ.

ಅವನ ಮಗ ಮೊಹಮ್ಮದ್ ರೆಜಾನಿಗೆ 1965ರಲ್ಲಿ ಸಂಸತ್ತು ‘ಆರ್ಯಮೆಹ್ರ್’ ಎಂಬ ಬಿರುದನ್ನು ನೀಡಿತು. ‘ಮೆಹ್ರ್’ ಎಂಬುದು ವೇದದ ‘ಮಿತ್ರ’ನೇ, ‘ಆರ್ಯರ ಸೂರ್ಯ’ ಎಂದು ಅರ್ಥ. ಈ ಪದವನ್ನು ಹಿಂದಿನ ಯಾವ ಅರಸನೂ ಬಿರುದಾಗಿ ಧರಿಸಿರಲಿಲ್ಲ; ದಾರಯವಉಷನ ಸಮಾಧಿಯ ‘ಆರ್ಯ’ ಎಂಬ ಮಾತನ್ನು ಆಧುನಿಕ ರಾಷ್ಟ್ರೀಯತೆಗೆ ಹೊಂದಿಸಿ ಹೊಸದಾಗಿ ಕಟ್ಟಿದ್ದು ಅದು. 1967ರ ಪಟ್ಟಾಭಿಷೇಕದಲ್ಲಿ ರಾಣಿ ಫರಾಹ್ ‘ಶಾಬಾನು’ ಎಂಬ ಬಿರುದಿನೊಂದಿಗೆ ಕಿರೀಟ ಧರಿಸಿದರು. 1976ರಲ್ಲಿ ಕುರುಷನ ಕಾಲದಿಂದ ಎಣಿಸುವ ಸಾಮ್ರಾಜ್ಯ ಶಕೆ ಜಾರಿಗೆ ಬಂದು ಇರಾನಿ ಪಂಚಾಂಗದ 1355ನೆಯ ವರ್ಷವು ಒಮ್ಮೆಗೇ 2535 ಆಯಿತು. ಎರಡು ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 1979ರ ಜನವರಿ 16ರಂದು ಶಹನ್‌ಶಾ ದೇಶ ಬಿಟ್ಟರು.

ಕ್ರಾಂತಿಯ ನಂತರ ಊರುಗಳ ಹೆಸರಿನಿಂದಲೂ ‘ಶಾ’ವನ್ನು ತೆಗೆದುಹಾಕುವ ಕೆಲಸ ನಡೆಯಿತು. ಬೇಹಿಸ್ತೂನಿನ ನೆರೆಯ ಕೆರ್ಮಾನ್‌ಶಾ ನಗರವು ‘ಬಾಖ್ತರಾನ್’ ಆಯಿತು. ಆದರೆ ಆ ಊರಿನ ‘ಶಾ’ ರೆಜಾ ಮತ್ತು ಅವನ ಮಗನ ಪಹ್ಲವಿ ವಂಶದ್ದಲ್ಲ. ಸಾಸಾನಿ ಚಕ್ರವರ್ತಿ ನಾಲ್ಕನೆಯ ಬಹ್ರಾಮನು ಪಟ್ಟವೇರುವ ಮೊದಲು ಕೆರ್ಮಾನ್ ಪ್ರಾಂತದ ಅಧೀನ ರಾಜನಾಗಿದ್ದು ‘ಕೆರ್ಮಾನ್ ಶಾ’ ಎನಿಸಿಕೊಂಡಿದ್ದ. ನಗರಕ್ಕೆ ಹೆಸರು ಬಂದದ್ದು ಅವನಿಂದ ಎಂಬುದು ಪರಂಪರೆಯ ಮಾತು. 1990ರ ದಶಕದಲ್ಲಿ ಊರಿಗೆ ಹಳೆಯ ಹೆಸರೇ ಮರಳಿತು. ರಾಜರ ರಾಜನಿಲ್ಲದ ಇರಾನಿನ ಭೂಪಟದ ಮೇಲೆ, ಅವನ ಕೈಕೆಳಗಿನ ಒಬ್ಬ ರಾಜನು ಹೀಗೆ ಉಳಿದಿದ್ದಾನೆ.